ಸೈರಂಧ್ರಿಯ ಮೊರೆ ಕೇಳಿದವರಾರು?

(ಭೀಮನಮಾವಾಸ್ಯೆಯ ಪ್ರಯುಕ್ತ ಮಾಡಿದ ಉಪನ್ಯಾಸದ ಬರಹರೂಪ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಆಷಾಢ ಬಹುಳ ಅಮಾವಾಸ್ಯೆಯು ನಮ್ಮ ಕನ್ನಡ ನಾಡಿನಲ್ಲಿ ಭೀಮನಮಾವಾಸ್ಯೆ ಎಂದು ಪ್ರಸಿದ್ಧವಾಗಿದೆ. ಈ ದಿನ ಜೋಡಿ ದೀಪಗಳನ್ನಿಟ್ಟು ಜ್ಯೋತಿರ್ಭೀಮೇಶ್ವರನನ್ನು ಪೂಜಿಸಿ, ಒಂಬತ್ತು ಗಂಟಿನ ಅರಿಶಿನದ ದಾರವನ್ನು ಕೈಗೆ ಕಟ್ಟಿಕೊಂಡು, ಸುಮಂಗಲಿಯರು ಪತಿಯ ಆಯುರಾರೋಗ್ಯವನ್ನೂ ಕನ್ಯೆಯರು ಅನುರೂಪನಾದ ವರನನ್ನೂ ಬೇಡಿಕೊಳ್ಳುವರು. ಪೂಜೆ ಮುಗಿದ ಮೇಲೆ, ಒಳಗೆ ನಾಣ್ಯವಿಟ್ಟು ಮಾಡಿದ ಕಡುಬನ್ನು ಹೊಸ್ತಿಲಿನ ಮೇಲಿರಿಸಿ, ಸೋದರನನ್ನು ಕರೆದು, ಮೊಣಕೈಯಿಂದ ಅದನ್ನು ಒಡೆಯಿಸುವುದು ಸಂಪ್ರದಾಯ. ಇದಕ್ಕೆ ಭಂಡಾರ ಒಡೆಯುವುದೆಂದು ಹೆಸರು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಇಂದಿಗೂ ಸಣ್ಣ ಹುಡುಗರು ಭಂಡಾರ ಒಡೆದು, ನಾಣ್ಯವನ್ನು ಜೇಬಿಗಿಳಿಸಿ, ನಗುತ್ತ ಓಡುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಈ ವ್ರತದ ಕಥೆಯನ್ನು ಸ್ವಲ್ಪ ಸ್ಮರಿಸೋಣ. ತಂದೆತಾಯಿಗಳು ಕಾಶೀಯಾತ್ರೆಗೆ ಹೊರಡುವಾಗ ಮಗಳನ್ನು ಅಣ್ಣನ ವಶದಲ್ಲಿ ಬಿಟ್ಟುಹೋದರು. ಆ ಅಣ್ಣನು ಧನದಾಸೆಯಿಂದ ತಂಗಿಯನ್ನು ಸತ್ತುಹೋದ ರಾಜಕುಮಾರನಿಗೆ ಮದುವೆ ಮಾಡಿಕೊಟ್ಟನು. ನದೀತೀರದಲ್ಲಿ ಶವದೊಡನೆ ಒಬ್ಬಂಟಿಯಾಗಿ ಉಳಿದ ಆ ಬಾಲೆಯು, ಅಂದು ವ್ರತದ ದಿನವೆಂಬುದನ್ನು ನೆನೆದು, ಮಣ್ಣಿನಿಂದಲೇ ದೀಪ, ಮಣ್ಣಿನಿಂದಲೇ ಕಡುಬು ಮಾಡಿ ಪೂಜಿಸಿದಳು. ಭಂಡಾರ ಒಡೆಯುವುದಕ್ಕೆ ಸೋದರನಿರಲಿಲ್ಲ. ಆಗ ದಾರಿಹೋಕ ದಂಪತಿಗಳ ರೂಪದಲ್ಲಿ ಬಂದ ಪಾರ್ವತೀಪರಮೇಶ್ವರರೇ ಅದನ್ನು ಒಡೆದು, ಆಕೆಯ ಪತಿಯನ್ನು ಬದುಕಿಸಿದರು. ವರ್ಷವರ್ಷವೂ ಈ ಕಥೆಯನ್ನು ಕೇಳುತ್ತೇವೆ; ಆದರೆ ಇದರಲ್ಲಿ ಅಡಗಿರುವ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಆ ಹುಡುಗಿಯನ್ನು ಮಾರಿದವನು ಹೊರಗಿನ ಕಳ್ಳನಲ್ಲ, ರಕ್ಷಿಸಬೇಕಾಗಿದ್ದ ಸ್ವಂತ ಅಣ್ಣ. ಆಕೆಯ ಕೈಹಿಡಿದವರು ಬಂಧುಗಳಲ್ಲ, ದಾರಿಯಲ್ಲಿ ಹೋಗುತ್ತಿದ್ದವರು.

ಮನೆಯೊಳಗಿನ ಹಿಂಸೆಯನ್ನು ಗುರುತಿಸುವುದು ಹೇಗೆ, ಅದಕ್ಕೆ ಸಿಕ್ಕಿದವರಿಗೆ ನಮ್ಮ ಬಡಾವಣೆಗಳಲ್ಲಿ ನೆರವು ಎಲ್ಲಿ ಎಂಬುದೇ ಇಂದಿನ ಉಪನ್ಯಾಸದ ವಿಷಯ. ಹಬ್ಬದ ದಿನ ಇಂತಹ ಅಮಂಗಳದ ಮಾತೇಕೆ ಎಂದು ಹಿರಿಯರು ಕೇಳಬಹುದು. ದೀಪವನ್ನು ಇಡಬೇಕಾದದ್ದು ಕತ್ತಲೆಯಿರುವ ಮೂಲೆಯಲ್ಲಿಯೇ ಎಂಬುದು ನನ್ನ ವಿನಯಪೂರ್ವಕವಾದ ಉತ್ತರ.

ಈ ವ್ರತದ ಭೀಮನು ಭೀಮೇಶ್ವರನಾದ ರುದ್ರದೇವರು. ಆದರೂ ಭೀಮನೆಂಬ ಶಬ್ದವು ಕಿವಿಗೆ ಬಿದ್ದೊಡನೆ ಮಾಧ್ವರಾದ ನಮಗೆ ವಾಯುದೇವರ ದ್ವಿತೀಯಾವತಾರವು ಸ್ಮರಣೆಗೆ ಬರುವುದು ಸಹಜ. ಹನುಮ, ಭೀಮ, ಮಧ್ವ ಎಂಬ ಮೂರು ರೂಪಗಳಲ್ಲಿ ಎರಡನೆಯ ರೂಪವು ಯಾವ ಕಾರ್ಯಕ್ಕಾಗಿ ಕ್ರೋಧವನ್ನು ತಾಳಿತು ಎಂಬುದನ್ನು ವಿಚಾರಿಸಿದರೆ, ವಿರಾಟನಗರದ ಪ್ರಸಂಗವು ಕಣ್ಣಮುಂದೆ ನಿಲ್ಲುತ್ತದೆ.

ಪಾಂಡವರ ಅಜ್ಞಾತವಾಸದ ವರ್ಷವದು. ಭಾರತೀದೇವಿಯರ ಅವತಾರರಾದ ದ್ರೌಪದೀದೇವಿಯರು ಸೈರಂಧ್ರಿಯೆಂಬ ಹೆಸರಿನಿಂದ ರಾಣಿ ಸುದೇಷ್ಣೆಯ ಅಂತಃಪುರದಲ್ಲಿದ್ದರು. ರಾಣಿಯ ತಮ್ಮನಾದ ಕೀಚಕನ ಕೆಟ್ಟ ದೃಷ್ಟಿ ಅವರ ಮೇಲೆ ಬಿತ್ತು. ಸುದೇಷ್ಣೆಗೆ ತಮ್ಮನ ಉದ್ದೇಶವು ತಿಳಿಯದೆ ಇರಲಿಲ್ಲ. ಆದರೂ ಮದ್ಯವನ್ನು ತರುವ ನೆಪದಿಂದ ಸೈರಂಧ್ರಿಯನ್ನು ಅವನ ಮನೆಗೇ ಕಳುಹಿಸಿದಳು. ತನ್ನನ್ನು ಕಳುಹಿಸಬೇಡ, ಬೇರೆ ದಾಸಿಯರಿದ್ದಾರಲ್ಲ ಎಂದು ಬೇಡಿಕೊಂಡರೂ ಬಿಡಲಿಲ್ಲ. ಅಲ್ಲಿಂದ ತಪ್ಪಿಸಿಕೊಂಡು ರಾಜಸಭೆಗೆ ಓಡಿಬಂದ ದೇವಿಯನ್ನು ಕೀಚಕನು ಎಲ್ಲರ ಎದುರಿನಲ್ಲಿಯೇ ಒದೆದನು. ವಿರಾಟನು ನೋಡುತ್ತ ಕುಳಿತನು. ಸೇನೆಯೆಲ್ಲ ಕೀಚಕನ ಕೈಯಲ್ಲಿತ್ತು. ಅವನನ್ನು ಎದುರುಹಾಕಿಕೊಂಡರೆ ರಾಜ್ಯವು ನಡೆಯದೆಂಬ ಭಯ. ಕಂಕನ ವೇಷದಲ್ಲಿದ್ದ ಧರ್ಮರಾಜನೂ ಗುಟ್ಟು ಹೊರಬೀಳಬಾರದೆಂದು, ಅಳುವುದನ್ನು ಬಿಟ್ಟು ರಾಣಿಯ ಅಂತಃಪುರಕ್ಕೆ ಹೋಗೆಂದು ಹೇಳಿ ಕಳುಹಿಸಿದನು. ಯಾರು ತನ್ನನ್ನು ಕೀಚಕನ ಬಳಿಗೆ ಅಟ್ಟಿದಳೋ ಆಕೆಯ ಬಳಿಗೇ!

ಮಹಾಶಯರೇ, ಈ ಸಭೆಯಲ್ಲಿ ನಮ್ಮ ಕುಟುಂಬಗಳ ಚಿತ್ರವೇ ಕಾಣುವುದಿಲ್ಲವೇ? ಎಲ್ಲವನ್ನೂ ತಿಳಿದೂ ತಮ್ಮನನ್ನು ಬಿಟ್ಟುಕೊಡದ ಸುದೇಷ್ಣೆಯು ಅನೇಕ ಮನೆಗಳಲ್ಲಿ ಅತ್ತೆಯೋ ನಾದಿನಿಯೋ ಆಗಿ ಇದ್ದಾಳೆ. ದುಡಿಯುವ ಮಗನನ್ನು ಗದರಿಸಿದರೆ ಮನೆ ನಡೆಯದೆಂದು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುವ ವಿರಾಟನು ಮಾವನಾಗಿ ಇದ್ದಾನೆ. ಕೆಟ್ಟವನಲ್ಲದಿದ್ದರೂ ಮರ್ಯಾದೆಗೆ ಅಂಜಿ, ಹೊಂದಿಕೊಂಡು ಹೋಗಮ್ಮ ಎಂದು ಮಗಳನ್ನು ಮರಳಿ ಕಳುಹಿಸುವ ತಂದೆಯೂ ಇದ್ದಾನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೇಳಿ ಏಳುವ ನೆರೆಹೊರೆಯೇ ಆ ಸಭಾಸದರು. ಜಗಳಕ್ಕೆ ಆ ಗಾದೆ ಒಪ್ಪುತ್ತದೆ. ಜಗಳದಲ್ಲಿ ಇಬ್ಬರೂ ಮಾತನಾಡುವರು, ಇಬ್ಬರೂ ಮುನಿಯುವರು, ಇಬ್ಬರೂ ಮರೆಯುವರು. ಒಬ್ಬರು ಮಾತ್ರ ಹೆದರಿಕೊಂಡೇ ಇರುವ ಕಡೆ ನಡೆಯುತ್ತಿರುವುದು ಜಗಳವಲ್ಲ, ಹಿಂಸೆ.

ದ್ರೌಪದೀದೇವಿಯರು ಮುಂದೇನು ಮಾಡಿದರೆಂಬುದು ನಮಗೆ ಮುಖ್ಯ. ಮನೆಯ ಮಾತು ಹೊರಗೆ ಹೋಗಬಾರದೆಂಬ ಕಾರಣವು ಅವರಿಗಿದ್ದಷ್ಟು ಬಲವಾಗಿ ಲೋಕದಲ್ಲಿ ಇನ್ನಾರಿಗೂ ಇರಲಾರದು. ಗುಟ್ಟು ರಟ್ಟಾದರೆ ಮತ್ತೆ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಆದರೂ ಅವರು ನುಂಗಿಕೊಂಡು ಕೂಡಲಿಲ್ಲ. ನನ್ನ ಪ್ರಾರಬ್ಧವೆಂದು ಹಣೆ ಚಚ್ಚಿಕೊಳ್ಳಲಿಲ್ಲ. ಆ ರಾತ್ರಿಯೇ ಎದ್ದು, ಅಡಿಗೆಮನೆಯಲ್ಲಿ ಮಲಗಿದ್ದ ಭೀಮಸೇನದೇವರನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದರು. ಭೀಮಸೇನದೇವರು ಮೊದಲು ಮಾಡಿದ ಸೇವೆಯೆಂದರೆ ಕೇಳಿದ್ದು. ನೀನೇಕೆ ಅಲ್ಲಿಗೆ ಹೋದೆ ಎಂದು ಪ್ರಶ್ನಿಸಲಿಲ್ಲ. ಕೇಳಿದ ಮೇಲೆ, ಗುಟ್ಟೂ ಉಳಿಯಬೇಕು, ದುಷ್ಟನಿಗೆ ಶಾಸನವೂ ಆಗಬೇಕೆಂದು ಉಪಾಯವನ್ನು ಹೂಡಿ, ನರ್ತನಶಾಲೆಯ ಕತ್ತಲೆಯಲ್ಲಿ ಕಾರ್ಯವನ್ನು ಮುಗಿಸಿದರು. ಮರ್ಯಾದೆ ಬೇಕೇ, ರಕ್ಷಣೆ ಬೇಕೇ ಎಂದು ಆಕೆಯನ್ನು ಕೇಳಲಿಲ್ಲ, ಎರಡನ್ನೂ ಉಳಿಸಿಕೊಟ್ಟರು.

ಇಲ್ಲಿ ನಾನೊಂದು ತಪ್ಪೊಪ್ಪಿಗೆಯನ್ನು ಮಾಡಿಕೊಳ್ಳಬೇಕಾಗಿದೆ. ಅರ್ಚಕರ ಮಗನಾಗಿ ಹುಟ್ಟಿ, ಪಾಠಶಾಲೆಯಲ್ಲಿ ಈ ಪ್ರಸಂಗವನ್ನು ಗುರುಗಳ ಮುಖದಿಂದ ಕೇಳಿದವನು ನಾನು. ಕೆಲವು ವರ್ಷಗಳ ಹಿಂದೆ, ಒಂದು ಗುರುವಾರ ಸಂಜೆ ನಾನು ಸೇವಾ ರಸೀದಿ ಬರೆಯುತ್ತ ಕುಳಿತಿದ್ದಾಗ ಒಬ್ಬ ಮಹಿಳೆ ಬಂದರು. ಮನೆಯವರ ಕೋಪ ಶಮನವಾಗಲು ಯಾವ ಸೇವೆ ಮಾಡಿಸಬೇಕೆಂದು ಕೇಳಿದರು. ಬೇಸಿಗೆಯ ದಿನ; ಆದರೂ ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದಿದ್ದರು. ನಾನು ವಾಯುಸ್ತುತಿ ಪುನಶ್ಚರಣೆಯೆಂದು ರಸೀದಿ ಬರೆದೆ. ಹಣ ಕೊಟ್ಟ ಮೇಲೂ ಅವರು ಹೋಗಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ಹಿಂದೆ ಸಾಲು ಉದ್ದವಾಗಿತ್ತು. ಮುಂದಿನವರು ಬನ್ನಿ ಎಂದೆ.

ಆ ಸೇವೆಯ ದಿನ ಅವರು ಪ್ರಸಾದಕ್ಕೆ ಬರಲಿಲ್ಲ. ಕೈಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಾರೆಂದು ಆಮೇಲೆ ತಿಳಿಯಿತು. ನನ್ನ ಕಿವಿಗೆ ಬೀಳದೆ ಉಳಿದ ಮಾತನ್ನು ದೇವಸ್ಥಾನದ ಹೊರಗೆ ಹೂ ಕಟ್ಟುವ ಮುದುಕಿಯೊಬ್ಬಳು ಕೇಳಿಸಿಕೊಂಡಿದ್ದಳು. ಅಕ್ಷರ ಬಾರದ ಆಕೆಯೇ ಅವರನ್ನು ಆಸ್ಪತ್ರೆಗೆ ಕರೆದೊಯ್ದು, ನಿಜವಾದ ಕಾರಣವನ್ನು ವೈದ್ಯರಿಗೆ ಹೇಳಿಸಿ, ಪೊಲೀಸರ ತನಕ ಜೊತೆಗೆ ಹೋದವಳು. ಇಂದು ಆ ಮಹಿಳೆ ಸುರಕ್ಷಿತರಾಗಿದ್ದಾರೆ. ವಿರಾಟನ ಸಭೆಯಲ್ಲಿ ನಾನೂ ಒಬ್ಬ ಸಭಾಸದನಾಗಿ ಕುಳಿತಿದ್ದೆನೆಂಬುದನ್ನು ಅಂದು ಅರಿತೆ. ಪುನಶ್ಚರಣೆಯು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಮುಖ್ಯಪ್ರಾಣದೇವರು ಆ ಮುದುಕಿಯ ಕಿವಿಯಲ್ಲಿ ನಿಂತು ಆ ಮೊರೆಯನ್ನು ಕೇಳಿದರೆಂದೇ ನನ್ನ ನಂಬಿಕೆ. ಕಿವಿಯಿದ್ದೂ ಕೇಳದ ದೋಷವು ಮಾತ್ರ ನನ್ನದು.

ಶ್ರೀಮದಾಚಾರ್ಯರ ಸಿದ್ಧಾಂತವು ಈ ವಿಷಯದಲ್ಲಿ ನಮಗೆ ಯಾವ ದಾರಿ ತೋರುತ್ತದೆ? ಜಗತ್ತು ಸತ್ಯವೆಂದು ಸಾರಿದ ಸಿದ್ಧಾಂತ ನಮ್ಮದು. ಜಗತ್ತು ಸತ್ಯವಾದರೆ ಆಕೆಯ ನೋವೂ ಸತ್ಯ. ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕಲು ಮಾಧ್ವನಿಗೆ ಅಧಿಕಾರವಿಲ್ಲ. ಪಂಚಭೇದಗಳಲ್ಲಿ ಜೀವ ಜೀವರ ಭೇದವೂ ಒಂದು. ಪತ್ನಿಯು ಪತಿಯ ಸೊತ್ತಲ್ಲ. ಶ್ರೀಹರಿಗೆ ಅಧೀನವಾದ ಬೇರೆಯೇ ಒಂದು ಜೀವ. ಸ್ವತಂತ್ರನು ಆ ಶ್ರೀಹರಿಯೊಬ್ಬನೇ, ಉಳಿದುದೆಲ್ಲವೂ ಪರತಂತ್ರ. ಈ ಮನೆಯಲ್ಲಿ ನಾನು ಹೇಳಿದ್ದೇ ನಡೆಯಬೇಕೆಂದು ಕೈಯೆತ್ತುವ ಯಜಮಾನನು, ದಿನವೂ ಸಂಧ್ಯಾವಂದನೆ ಮಾಡಿದರೂ, ತನ್ನನ್ನೇ ಸ್ವತಂತ್ರನೆಂದು ಭಾವಿಸಿದಂತಾಯಿತು. ಇದಕ್ಕಿಂತ ದೊಡ್ಡ ಸಿದ್ಧಾಂತದ್ರೋಹ ಯಾವುದು?

ಇನ್ನು ಗುರುತಿಸುವ ವಿಚಾರ. ಹಿಂಸೆಯೆಂದರೆ ಹೊಡೆತ ಮಾತ್ರವೆಂದು ತಿಳಿದವರೇ ಹೆಚ್ಚು. ೨೦೦೫ರಲ್ಲಿ ಅಂಗೀಕಾರವಾಗಿ ೨೦೦೬ರ ಅಕ್ಟೋಬರ್ ೨೬ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ನಾಲ್ಕು ಬಗೆಯ ಹಿಂಸೆಗಳನ್ನು ಹೇಳುತ್ತದೆ. ಶರೀರಕ್ಕೆ ಮಾಡುವ ಪೆಟ್ಟು ಮೊದಲನೆಯದು. ಲೈಂಗಿಕ ದೌರ್ಜನ್ಯ ಎರಡನೆಯದು. ದಾಂಪತ್ಯದೊಳಗೂ ಅದು ದೌರ್ಜನ್ಯವೇ. ಹೀಯಾಳಿಕೆ, ಬೆದರಿಕೆ, ಮಕ್ಕಳಿಲ್ಲವೆಂದೋ ಗಂಡುಮಗುವಿಲ್ಲವೆಂದೋ ಚುಚ್ಚುವುದು ಮೂರನೆಯದು. ಹಣವನ್ನು, ಸ್ತ್ರೀಧನವನ್ನು, ಮನೆಯಲ್ಲಿರುವ ಹಕ್ಕನ್ನು ಕಸಿಯುವುದು ನಾಲ್ಕನೆಯದು. ಈ ಕಾಯಿದೆಯು ಪತ್ನಿಗೆ ಮಾತ್ರವಲ್ಲ, ತಾಯಿ, ಮಗಳು, ಸೋದರಿ, ವಿಧವೆಯಾದ ಸೊಸೆ ಮುಂತಾಗಿ ಒಂದೇ ಮನೆಯಲ್ಲಿ ಬಾಳುವ ಎಲ್ಲ ಸ್ತ್ರೀಯರಿಗೂ ಅನ್ವಯಿಸುತ್ತದೆ.

ನಮ್ಮಂತಹ ಮನೆಗಳಲ್ಲಿ ಇದು ಆಚಾರದ ವೇಷವನ್ನೂ ಧರಿಸುತ್ತದೆ. ಏಕಾದಶಿಯ ಉಪವಾಸವು ವ್ರತ. ದ್ವಾದಶಿಯ ದಿನವೂ ಸೊಸೆಗೆ ತುತ್ತು ನೀಡದೆ ಕೂಡಿಸುವುದು ವ್ರತವಲ್ಲ. ಮಡಿಯು ದೇವರ ಕಾರ್ಯಕ್ಕಾಗಿ ಇರುವುದು. ಒಬ್ಬಳನ್ನು ಚಳಿಯಲ್ಲಿ ಹೊರಗೆ ನಿಲ್ಲಿಸುವುದಕ್ಕಾಗಿ ಅಲ್ಲ. ಕಚೇರಿಯಲ್ಲಿ ದುಡಿಯುವ ಸೊಸೆಯ ಸಂಬಳವೆಲ್ಲ ಮನೆಗೆ ಬಂದು, ಬಸ್ಸಿನ ಚಾರ್ಜಿಗೆ ಆಕೆ ಕೈಯೊಡ್ಡಬೇಕಾದರೆ ಅದು ಗೃಹಕೃತ್ಯದ ಶಿಸ್ತಲ್ಲ. ವೃದ್ಧೆಯಾದ ತಾಯಿಯ ಪಿಂಚಣಿಯ ಕಾರ್ಡನ್ನು ಮಗನೇ ಇಟ್ಟುಕೊಂಡು, ಆಕೆಯ ಔಷಧಕ್ಕೆ ಹಣವಿಲ್ಲವೆನ್ನುವುದೂ ಹಿಂಸೆಯೇ.

ಲಕ್ಷಣಗಳನ್ನು ನೋಡುವ ಕಣ್ಣು ಬೇಕು. ಭಜನಾ ಮಂಡಳಿಗೆ ತಪ್ಪದೆ ಬರುತ್ತಿದ್ದವರು ಕಾರಣ ಹೇಳದೆ ನಿಂತುಬಿಡುವರು. ಬಚ್ಚಲಿನಲ್ಲಿ ಜಾರಿದೆ, ಬಾಗಿಲು ತಗುಲಿತು ಎಂಬ ಮಾತು ಮತ್ತೆ ಮತ್ತೆ ಬರುವುದು. ಮಾತನಾಡುವ ಮೊದಲು ಪತಿಯ ಮುಖವನ್ನು ನೋಡುವರು. ತವರಿಗೆ ಫೋನು ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುವರು. ಮಗುವು ತಂದೆಯ ಹೆಜ್ಜೆಯ ಸಪ್ಪಳಕ್ಕೆ ಆಟವನ್ನು ನಿಲ್ಲಿಸುವುದು, ನಿದ್ದೆಯಲ್ಲಿ ಬೆಚ್ಚುವುದು. ಇವುಗಳಲ್ಲಿ ಒಂದನ್ನು ಕಂಡೊಡನೆ ತೀರ್ಮಾನಕ್ಕೆ ಬರಬೇಕೆಂದು ನಾನು ಹೇಳುತ್ತಿಲ್ಲ. ಕಂಡ ಮೇಲೆ ವಿಚಾರಿಸದೆ ಇರಬಾರದೆಂದು ಮಾತ್ರ ಹೇಳುತ್ತೇನೆ.

ಇದು ಎಲ್ಲೋ ದೂರದ ಮಾತೆಂದು ತಿಳಿಯಬಾರದು. ೨೦೧೯-೨೦ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ವಿವಾಹಿತರಾಗಿದ್ದ ಹದಿನೆಂಟರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೪೪.೪ ಮಂದಿ ಪತಿಯಿಂದ ಹಿಂಸೆಯನ್ನು ಅನುಭವಿಸಿದವರು. ಹಿಂಸೆಗೊಳಗಾದವರಲ್ಲಿ ನೆರವನ್ನು ಕೇಳಿದವರು ದೇಶದಲ್ಲೆಲ್ಲ ನೂರಕ್ಕೆ ಸುಮಾರು ೧೪ ಮಂದಿ ಮಾತ್ರ. ಉಳಿದವರ ಬಾಯಿ ಕಟ್ಟಿದ್ದು ಮರ್ಯಾದೆ.

ಮರ್ಯಾದೆಗಾಗಿ ಮುಚ್ಚಿಡುವುದರ ಫಲವನ್ನು ನಮ್ಮ ಬಡಾವಣೆಗಳ ಚರಿತ್ರೆಯೇ ಹೇಳುತ್ತದೆ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅನೇಕರು ರೋಗಿಗಳನ್ನು ಮನೆಯೊಳಗೇ ಬಚ್ಚಿಟ್ಟರು. ರೋಗವು ಮನೆಯಿಂದ ಮನೆಗೆ ಹರಡಿತು. ಗಾಳಿಬೆಳಕುಗಳಿರುವ ಅಗಲವಾದ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ನಿರ್ಮಾಣವಾದದ್ದು ಆ ಕಾಲದಲ್ಲಿಯೇ. ಮನೆಯಲ್ಲಿ ಬಚ್ಚಿಟ್ಟ ಹಿಂಸೆಯೂ ಹಾಗೆಯೇ ಹರಡುತ್ತದೆ. ತಾಯಿಯನ್ನು ತಂದೆಯು ಹೊಡೆಯುವುದನ್ನು ಕಂಡು ಬೆಳೆದ ಹುಡುಗನು ಅದನ್ನೇ ಪುರುಷಧರ್ಮವೆಂದು ಕಲಿಯುವ ಅಪಾಯವಿದೆ. ಹುಡುಗಿಯು ಅದನ್ನೇ ಸ್ತ್ರೀಧರ್ಮವೆಂದು ಕಲಿಯುವ ಅಪಾಯವಿದೆ.

ಹೊರಗೆ ಬಂದವರಿಗೆ ನೆರಳು ಕೊಟ್ಟ ಹಿರಿಯರೂ ಇದೇ ಬೀದಿಗಳಲ್ಲಿದ್ದರು. ಬಸವನಗುಡಿಯ ಅಬಲಾಶ್ರಮವು ಒಂದು ಶತಮಾನಕ್ಕೂ ಹಿಂದೆ ನಿರ್ಗತಿಕ ಸ್ತ್ರೀಯರಿಗಾಗಿ ಹುಟ್ಟಿದ ಸಂಸ್ಥೆ. ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಕಟ್ಟಿದ ಆರ್. ಕಲ್ಯಾಣಮ್ಮನವರು ಬಾಲವಿಧವೆ, ಮೂಲೆಯಲ್ಲಿ ಕೂಡದೆ, ‘ಸರಸ್ವತಿ’ ಎಂಬ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ೧೯೭೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮೋಚನಾ ಸಂಸ್ಥೆಯವರು ೧೯೯೦ರ ದಶಕದ ಕೊನೆಯಲ್ಲಿ, ಚಾಮರಾಜಪೇಟೆಗೆ ಸಮೀಪದ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಬಂದ ಹೆಂಗಸರ ವಿಷಯವನ್ನು ವಿಚಾರಿಸಿ, ಸ್ಟೌ ಸಿಡಿಯಿತೆಂದು ಬರೆಯಲ್ಪಟ್ಟ ಸಾವುಗಳ ಹಿಂದೆ ಎಷ್ಟೋ ಸಲ ಗೃಹಹಿಂಸೆಯಿತ್ತೆಂಬುದನ್ನು ಲೋಕಕ್ಕೆ ತಿಳಿಸಿದರು.

ಈ ಮಾತು ಬಂದಾಗ ಉಪಕೀಚಕರ ನೆನಪಾಗುತ್ತದೆ. ಕೀಚಕನು ಸತ್ತ ಮೇಲೆ ಸೈರಂಧ್ರಿಯ ಕಷ್ಟ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಅವನ ಸೋದರರು ಆಕೆಯನ್ನು ಕಟ್ಟಿ, ಅವನ ಶವದೊಡನೆ ಸುಡುವುದಕ್ಕೆ ಸ್ಮಶಾನಕ್ಕೆ ಹೊತ್ತರು. ಭೀಮಸೇನದೇವರು ಪ್ರಾಕಾರವನ್ನು ಹಾರಿ ಎರಡನೆಯ ಸಲ ಬರಬೇಕಾಯಿತು. ಇದರಿಂದ ನಾವು ಕಲಿಯತಕ್ಕದ್ದಿದೆ: ಬಾಯಿಬಿಟ್ಟ ಮೇಲೆ, ಮನೆ ಬಿಟ್ಟು ಹೊರಟ ಮೇಲೆ ಇರುವ ದಿನಗಳೇ ಹೆಚ್ಚು ಅಪಾಯದವು. ಆದಕಾರಣ ನೆರವು ಒಂದು ದಿನದ ಉತ್ಸಾಹವಾಗಬಾರದು. ಆಕೆ ಹೇಳಿದ್ದನ್ನು ಪತಿಯ ಕಿವಿಗೆ ಹಾಕಿ, ಇಬ್ಬರನ್ನೂ ಎದುರು ಕೂಡಿಸಿ ಪಂಚಾಯಿತಿ ಮಾಡುವ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಕೆಡುಕನ್ನು ಮಾಡುವರು. ಆ ರಾತ್ರಿ ಬಾಗಿಲು ಮುಚ್ಚಿದ ಮೇಲೆ ಅದರ ಬೆಲೆಯನ್ನು ತೆರುವವಳು ಆಕೆ.

ಹಾಗಾದರೆ ಮಾಡಬೇಕಾದುದೇನು? ಒಬ್ಬರೇ ಇರುವಾಗ ಮೆಲ್ಲನೆ ಕೇಳಿರಿ. ಹೇಳಿದರೆ ನಂಬಿರಿ. ನೀನೇನು ಮಾಡಿದೆ ಎಂದು ಕೇಳಬೇಡಿರಿ. ಇಂದೇ ಮನೆ ಬಿಡು ಎಂದು ಒತ್ತಾಯಿಸಬೇಡಿರಿ. ತನ್ನ ಅಪಾಯವನ್ನು ಆಕೆಯೇ ಚೆನ್ನಾಗಿ ಬಲ್ಲಳು. ಆಧಾರ್ ಚೀಟಿ, ಬ್ಯಾಂಕಿನ ಪುಸ್ತಕ, ಮಕ್ಕಳ ಶಾಲೆಯ ಕಾಗದಗಳು, ಔಷಧ, ಸ್ವಲ್ಪ ಹಣ, ಎರಡು ಸೀರೆ ಇರುವ ಒಂದು ಚೀಲವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿರಿ. ಗಾಯವಾದರೆ ಆಸ್ಪತ್ರೆಗೆ ಜೊತೆಗೆ ಹೋಗಿ, ನಿಜವಾದ ಕಾರಣವನ್ನೇ ಚೀಟಿಯಲ್ಲಿ ಬರೆಯಿಸಿರಿ. ಮುಂದೆ ನ್ಯಾಯಾಲಯದಲ್ಲಿ ಅದು ದೊಡ್ಡ ಆಧಾರ. ಪಕ್ಕದ ಮನೆಯಿಂದ ಕೂಗು ಕೇಳಿಸಿದರೆ ೧೧೨ಕ್ಕೆ ಕರೆ ಮಾಡಿ ಪೊಲೀಸರನ್ನು ಕರೆಯಿರಿ. ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿದ್ದ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡಲಾಗದೆಂದು ೨೦೦೫ರ ಕಾಯಿದೆಯೇ ಅಭಯ ನೀಡಿದೆ.

ನೆರವಿನ ಸ್ಥಾನಗಳನ್ನು ಮಾತೆಯರು ನೆನಪಿಡುವುದು ಒಳ್ಳೆಯದು. ೧೮೧ ಮಹಿಳೆಯರ ಸಹಾಯವಾಣಿ. ಹಗಲೂ ರಾತ್ರಿಯೂ ಕರೆ ಮಾಡಬಹುದು. ಮಕ್ಕಳಿಗೆ ೧೦೯೮, ವೃದ್ಧರಿಗೆ ೧೪೫೬೭. ಬಸವನಗುಡಿಯಲ್ಲಿ ಮಹಿಳಾ ಪೊಲೀಸ್ ಠಾಣೆಯೇ ಇದೆ. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವನಿತಾ ಸಹಾಯವಾಣಿಯವರು ಕುಟುಂಬದವರನ್ನು ಕರೆಸಿ ಆಪ್ತಸಲಹೆ ನೀಡುತ್ತಾರೆ. ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರು ದೂರನ್ನು ಬರೆದುಕೊಂಡು ಮ್ಯಾಜಿಸ್ಟ್ರೇಟರ ಮುಂದೆ ಇಡುತ್ತಾರೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹೆದರಬೇಕಾಗಿಲ್ಲ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಸ್ತ್ರೀಯರಿಗೆ ಉಚಿತ ವಕೀಲರು ದೊರೆಯುವರು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ವಿಚಾರಿಸಬಹುದು, ಅಥವಾ ೧೫೧೦೦ಕ್ಕೆ ಕರೆ ಮಾಡಬಹುದು.

ಉಪಕೀಚಕರ ವಧೆಯಾದ ಮೇಲೆ ವಿರಾಟನು ಏನು ಮಾಡಿದನು ಬಲ್ಲಿರಾ? ಹೆದರಿ, ನೀನು ಇಲ್ಲಿಂದ ಹೊರಟುಹೋಗು ಎಂದು ರಾಣಿಯ ಮೂಲಕ ಸೈರಂಧ್ರಿಗೇ ಹೇಳಿಸಿದನು. ಇನ್ನು ಹದಿಮೂರು ದಿನ ಇರಗೊಡಿರೆಂದು ಆಕೆ ಕೇಳಿಕೊಳ್ಳಬೇಕಾಯಿತು. ಪೆಟ್ಟು ತಿಂದವಳನ್ನೇ ಹೊರಗೆ ಹಾಕುವ ಪದ್ಧತಿ ಅಷ್ಟು ಹಳೆಯದು. ಇಂದು ಕಾನೂನು ಅದಕ್ಕೆ ಅಡ್ಡ ನಿಂತಿದೆ. ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಸ್ತ್ರೀಗೆ ಇದೆ. ಆ ಮನೆಯು ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಅನ್ವಯಿಸಬಹುದೆಂದು ೨೦೨೦ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಆಕೆಯನ್ನು ಪೀಡಿಸಬಾರದೆಂದು ಮ್ಯಾಜಿಸ್ಟ್ರೇಟರು ಕೊಟ್ಟ ಆಜ್ಞೆಯನ್ನು ಮೀರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಪ್ಪತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಪತಿಯ ಮತ್ತು ಅವನ ಬಂಧುಗಳ ಕ್ರೌರ್ಯವು ೧೯೮೩ರಿಂದಲೇ ಅಪರಾಧವಾಗಿದ್ದು, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹಾಗೆಯೇ ಉಳಿದಿದೆ. ಗದೆಯನ್ನು ಹಿಡಿಯುವ ಅಧಿಕಾರ ನಮಗಿಲ್ಲ. ಈ ಯುಗದಲ್ಲಿ ಕಾನೂನೇ ಆ ಗದೆ. ಅದನ್ನು ಎತ್ತಲು ಕೈಗೂಡಿಸುವುದು ನಮ್ಮ ಪಾಲಿನ ಭೀಮಸೇವೆ.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತನ್ನು ಇಂದಿಗೆ ಬಿಡಿರಿ. ಗೋತ್ರ ಬದಲಾಗಬಹುದು, ಮಗಳು ಬದಲಾಗುವುದಿಲ್ಲ. ಮದುವೆಯ ದಿನವೇ, ಈ ಮನೆಯ ಬಾಗಿಲು ನಿನಗೆ ಯಾವ ಹೊತ್ತಿನಲ್ಲಿಯೂ ತೆರೆದಿದೆ ಎಂದು ಆಕೆಗೆ ಸ್ಪಷ್ಟವಾಗಿ ಹೇಳಿರಿ. ಗಂಡುಮಕ್ಕಳಲ್ಲಿಯೂ ಒಂದು ಮಾತು. ಕೋಪ ಬಂದಾಗ ನಿಮ್ಮ ಕೈ ಏಳುತ್ತಿದ್ದರೆ, ಅದನ್ನು ವಾಯುದೇವರ ಬಲವೆಂದು ತಿಳಿಯಬೇಡಿರಿ. ಆ ಬಲವು ದುರ್ಬಲರ ರಕ್ಷಣೆಗಾಗಿ ಬಂದದ್ದು. ನಾಚಿಕೆಯನ್ನು ಬಿಟ್ಟು ವೈದ್ಯರನ್ನು ಕಾಣಿರಿ. ಕುಡಿತವಿದ್ದರೆ ಅದಕ್ಕೂ ಚಿಕಿತ್ಸೆಯಿದೆ. ಆದರೆ ಕುಡಿತವು ಹಿಂಸೆಗೆ ಸಮಾಧಾನವಾಗಲಾರದು. ಕುಡಿದವನು ಕಚೇರಿಯ ಮೇಲಧಿಕಾರಿಯ ಮೇಲೆ ಕೈಮಾಡದೆ ಮನೆಗೆ ಬಂದು ಪತ್ನಿಯ ಮೇಲೆ ಕೈಮಾಡಿದರೆ, ಯಾರನ್ನು ಹೊಡೆಯಬಹುದೆಂಬ ಎಚ್ಚರ ಅವನಿಗೆ ಇತ್ತೆಂದೇ ಅರ್ಥ.

ಈಗ ಮತ್ತೆ ಹೊಸ್ತಿಲಿಗೆ ಬರೋಣ. ಭಂಡಾರವನ್ನು ದೇವರ ಮನೆಯಲ್ಲಿ ಒಡೆಯುವುದಿಲ್ಲ, ಬೀದಿಯಲ್ಲಿಯೂ ಒಡೆಯುವುದಿಲ್ಲ. ಒಳಗೂ ಹೊರಗೂ ಸೇರುವ ಹೊಸ್ತಿಲಿನ ಮೇಲೆ ಒಡೆಯುತ್ತೇವೆ. ಮೇಲೆ ಕಡುಬಿನಂತೆ ನುಣುಪಾಗಿ ಕಾಣುವ ಸಂಸಾರದೊಳಗೆ ಏನಿದೆಯೆಂದು ಹೊಸ್ತಿಲಿಗೆ ಬಂದು ನೋಡುವ ಹೊಣೆಯನ್ನು ಸೋದರನಿಗೆ ಈ ದಿನ ಹೊರಿಸಿದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಸೋದರನಿಲ್ಲದ ಕಡೆ, ಇದ್ದೂ ಇಲ್ಲದಂತಾದ ಕಡೆ, ದಾರಿಹೋಕರೇ ಆ ಸ್ಥಾನದಲ್ಲಿ ನಿಲ್ಲಬೇಕೆಂದು ವ್ರತಕಥೆಯೇ ತೋರಿಸಿಕೊಟ್ಟಿದೆ. ಪಕ್ಕದ ಮನೆಯ ನೀವು, ದೇವಸ್ಥಾನದ ನಾವು, ಬೀದಿಯ ಹೂವಿನವಳು, ಎಲ್ಲರೂ ಆ ದಾರಿಹೋಕರೇ.

ನನ್ನ ಮಟ್ಟಿಗೆ ನಾನು ಒಂದು ನಿಯಮವನ್ನು ಮಾಡಿಕೊಂಡಿದ್ದೇನೆ. ರಸೀದಿ ಬರೆದ ಮೇಲೂ ಯಾರಾದರೂ ನಿಂತೇ ಇದ್ದರೆ, ಮುಂದಿನವರನ್ನು ಕರೆಯುವುದಿಲ್ಲ. ಲೇಖನಿಯನ್ನು ಕೆಳಗಿಟ್ಟು, ಇನ್ನೇನಾದರೂ ಹೇಳುವುದಿತ್ತೇ ತಾಯೀ ಎಂದು ಕೇಳುತ್ತೇನೆ. ಸಾಲು ಕಾಯಲಿ. ನೀವು ಆ ಸಾಲಿನಲ್ಲಿದ್ದರೆ ದಯಮಾಡಿ ಸಹಿಸಿಕೊಳ್ಳಿರಿ.

ಮೊರೆಯನ್ನು ಕೇಳುವ ಕಿವಿಯನ್ನೂ, ಕೇಳಿದ ಮೇಲೆ ನಡೆಯುವ ಕಾಲನ್ನೂ ನಮಗೆ ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥